ನ್ಯಾಟೊ ಕಾಕಾ

ಹೊರಗಿನವರಿಗೆ ತುಬಚಿ ಎಂದರೆ ತುಬಚಿ–ಬಬಲೇಶ್ವರ ಏತ ನೀರಾವರಿ. ನಮ್ಮೂರ ಹೆಸರು ಹೊತ್ತುಕೊಂಡು ಕೃಷ್ಣೆಯ ನೀರು ವಿಜಯಪುರ ಜಿಲ್ಲೆಯ ಹೊಲಗಳಿಗೆ ಏರಿ ಹೋಗುತ್ತದೆ. ಊರೊಳಗೆ ಏರುವುದು ಇನ್ನೊಂದಿದೆ, ನ್ಯಾಟೊ ಕಾಕಾರ ದನಿ. ಮಿರಜದ ಆಚೆ ಕಾಲಿಡದ ಈ ಮನುಷ್ಯನಿಗೆ ಉಕ್ರೇನಿನ ಬಾಖ್ಮುತ್‌ನ ಓಣಿ ಓಣಿ ಗೊತ್ತು. ಜಮಖಂಡಿಯಲ್ಲಿ ಬಸ್ಸಿಳಿದರೆ ಮಾತ್ರ ಔಷಧಿ ಅಂಗಡಿ ಯಾವ ಕಡೆ ಅಂತ ಕೇಳಬೇಕು.

ಇಂಥವರು ಮುಧೋಳದಲ್ಲೂ ಇದ್ದಾರೆ, ಬೀಳಗಿಯಲ್ಲೂ ಇದ್ದಾರೆ. ಬನಹಟ್ಟಿಯ ಮಗ್ಗಗಳ ಗದ್ದಲದ ನಡುವೆಯೂ ಒಬ್ಬ ಪುಟಿನ್ ಪರ, ಇನ್ನೊಬ್ಬ ಝೆಲೆನ್‌ಸ್ಕಿ ಪರ ಒದರಾಡುವುದನ್ನು ಕೇಳಿದ್ದೇನೆ. ಆದರೆ ನನ್ನ ಪಾಲಿಗೆ ಬಂದವರು ಈ ಕಾಕಾ. ಅವರ ಹೊಲ ನಮ್ಮ ಹೊಲಕ್ಕೆ ಹತ್ತಿದೆ, ಇಬ್ಬರೂ ಇರುವುದು ಒಂದೇ ವಾಟ್ಸಾಪ್ ಗುಂಪಿನಲ್ಲಿ. ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಯುದ್ಧ ಸುರು ಮಾಡಿದವರು ಯಾರು ಎಂಬ ಪ್ರಶ್ನೆಗೆ ಕಾಕಾರ ಉತ್ತರ ಯಾವಾಗಲೂ ಒಂದು ಇಸ್ವಿ. 2022ರ ಫೆಬ್ರುವರಿ 24ಕ್ಕೆ ರಷ್ಯಾದ ಸೈನ್ಯ ಗಡಿ ದಾಟಿತಲ್ಲ ಅಂದರೆ, "ಅದರ ಹಿಂದ 2014 ಇತ್ತಲ್ಲೋ ತಮ್ಮಾ" ಅನ್ನುತ್ತಾರೆ. ಆ ವರ್ಷ ಕ್ರಿಮಿಯಾ ನುಂಗಿದ್ದೂ ರಷ್ಯಾವೇ ಅಂದಿರೋ, ಉಕ್ರೇನ್ ಮತ್ತು ಜಾರ್ಜಿಯಾ ಮುಂದೆ ನ್ಯಾಟೊ ಸೇರುತ್ತವೆಂದು ಸಾರಿದ 2008ರ ಬುಖಾರೆಸ್ಟ್ ಸಭೆಗೆ ಜಿಗಿಯುತ್ತಾರೆ. ಅಲ್ಲೂ ಬೆನ್ನು ಹತ್ತಿದರೆ 1990. ನ್ಯಾಟೊ ಪೂರ್ವಕ್ಕೆ ಒಂದಿಂಚೂ ಬರುವುದಿಲ್ಲವೆಂದು ಅಮೆರಿಕದ ಮಂತ್ರಿ ಜೇಮ್ಸ್ ಬೇಕರ್ ಗೋರ್ಬಚೇವ್ ಮುಂದೆ ಆಡಿದ ಮಾತು. ಆಮೇಲೆ ಕ್ರಿಮಿಯಾವನ್ನು ಉಕ್ರೇನಿಗೆ ಸೇರಿಸಿದ 1954. ಕಟ್ಟಕಡೆಗೆ ಉಕ್ರೇನಿನ ಕೊಸಾಕರು ಮಾಸ್ಕೋದ ದೊರೆಗೆ ಆಣೆ ಇಟ್ಟ 1654. ಅಷ್ಟೊತ್ತಿಗೆ ಎದುರಿನವನಿಗೆ ಮನೆಯಿಂದ ಊಟಕ್ಕೆ ಕರೆ ಬಂದಿರುತ್ತದೆ. ಗೆದ್ದವರು ಕಾಕಾ.

ಅವರಿಗೆ ಸರಿಸಾಟಿ ಒಬ್ಬರೇ, ನಿವೃತ್ತ ಮಾಸ್ತರರು. ಮಾಸ್ತರರದು ಬಾಂಡ್ ಪೇಪರಿನ ಬುದ್ಧಿ. "ಬೇಕರ್ ಬಾಯಿಮಾತಿಗೆ ಸಹಿ ಎಲ್ಲೈತ್ರಿ ಕಾಕಾ? ನನ್ನ ಕಡೆ 1994ರ ಬುಡಾಪೆಸ್ಟ್ ಕಾಗದ ಐತಿ. ಉಕ್ರೇನದವರು ಅಣುಬಾಂಬ್ ಬಿಟ್ಟುಕೊಟ್ರು, ನಿಮ್ಮ ಗಡಿ ಮುಟ್ಟೂದಿಲ್ಲಂತ ರಷ್ಯಾ ಸಹಿ ಮಾಡ್ತು." ಕಾಕಾ ಕಾಗದಕ್ಕೆ ಬಗ್ಗುವವರಲ್ಲ. 2019ರ ಮಹಾಪೂರದಲ್ಲಿ ಕಬ್ಬು ಕೊಳೆತದ್ದನ್ನು ಕಂಡ ಊರಿಗೆ ಯಾವ ಮಾತು ನಾಟುತ್ತದೆಂದು ಅವರಿಗೆ ಗೊತ್ತು. "ನ್ಯಾಟೊ ಅಂದ್ರ ಆಲಮಟ್ಟಿ ಹಿನ್ನೀರ ಇದ್ದಂಗ. 1999ರಾಗ ಮೂರು ದೇಶ, 2004ರಾಗ ಏಳು ದೇಶ, ಏರಿಕೋಂತ ಬಂತು. ಹೊಸ್ತಿಲಿಗೆ ಬಂದ ಮ್ಯಾಲ ನೀ ಯಾಕ ಒದರ್ತಿ ಅಂತ ಕೇಳ್ತಾರ!" ಮಾಸ್ತರರು ಎಲಿಅಡಿಕೆ ಉಗುಳಿ ಬಂದು ಹೇಳಿದರು: "ನೀರ ಬಂತಂತ ಬಾಜೂ ಊರಿಗೆ ಹೋಗಿ ಬೆಂಕಿ ಹಚ್ಚತಾರೇನ್ರೀ?"

ಇದಕ್ಕೆ ಕಾಕಾ ಇನ್ನೂ ಉತ್ತರ ಕೊಟ್ಟಿಲ್ಲ. ನನ್ನನ್ನು ಕೇಳಿದರೆ ಉತ್ತರ ಇಲ್ಲವೇ ಇಲ್ಲ. 2022ರ ಮಾರ್ಚ್ 2ಕ್ಕೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ಮಾಸ್ತರರ ಮಾತನ್ನೇ ಬೇರೆ ಭಾಷೆಯಲ್ಲಿ ಹೇಳಿದವು. ವಿರುದ್ಧ ಕೈ ಎತ್ತಿದ್ದು 5. ಮತ ಹಾಕದೆ ಸುಮ್ಮನೆ ಕೂತದ್ದು ಭಾರತವೂ ಸೇರಿ 35. ಆದರೆ ಇದನ್ನೆಲ್ಲ ನಾನು ಗುಂಪಿನಲ್ಲಿ ಬರೆಯುವುದಿಲ್ಲ. ಕಾಕಾರ ಸಂದೇಶಕ್ಕೂ ಹೆಬ್ಬೆರಳು, ಮಾಸ್ತರರ ಸಂದೇಶಕ್ಕೂ ಹೆಬ್ಬೆರಳು. ಕಾಕಾರ ಬಾವಿಯ ನೀರೂ ಬೇಕು, ಮಾಸ್ತರರ ಹತ್ತಿರ ಮಗನ ಲೆಕ್ಕದ ಪಾಠವೂ ಆಗಬೇಕು. ನಮ್ಮ ವಿದೇಶಾಂಗ ನೀತಿಯನ್ನು ನನ್ನಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಕಡಿಮೆ.

ಇನ್ನು ಒಂದು ರಾತ್ರಿಯ ಕತೆ. ಗುಂಪು ಕಟ್ಟಿದ್ದು ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಎಷ್ಟಕ್ಕೆ ಬರುತ್ತದೆ, ಕಟಾವಿನ ಗ್ಯಾಂಗ್ ಯಾರ ಹೊಲಕ್ಕೆ ಇಳಿಯುತ್ತದೆ ಎಂದು ತಿಳಿಯಲಿ ಅಂತ. 2024ರ ಮಾರ್ಚ್ 7ಕ್ಕೆ ಸ್ವೀಡನ್ ನ್ಯಾಟೊ ಸೇರಿತು. ಮಾಸ್ತರರು ಕೆಣಕಿದರು: "ಕಾಕಾ, ಹಿಂದಿನ ವರ್ಷ ಫಿನ್ಲೆಂಡ್, ಈಗ ಸ್ವೀಡನ್. ಫಿನ್ಲೆಂಡದ್ದ 1,340 ಕಿಲೋಮೀಟರ್ ಗಡಿ. ನಿಮ್ಮ ಪುಟಿನ್ ಹಿನ್ನೀರ ಇಳಿಸಾಕ ಹೋಗಿ ಏರಿಸಿ ಬಂದಾನಲ್ಲ!" ಕಾಕಾ ಬರೆಯುವವರಲ್ಲ, ಧ್ವನಿ ಸಂದೇಶದವರು. ಒಂದೊಂದೂ ಐದು ನಿಮಿಷ. ಹಿನ್ನೆಲೆಯಲ್ಲಿ ಎಮ್ಮೆಯ ಕೂಗು, ನಡುನಡುವೆ ಕಾಕಿ "ದೀಪಾ ಆರಸ್ರೀ" ಅನ್ನುವುದು. ಬೆಂಗಳೂರಿನ ಅಳಿಯನೊಬ್ಬ ಲಿಂಕು ಒಗೆದ. ಪುಣೆಯಿಂದ ಇನ್ನೊಬ್ಬ ನಕಾಶೆ ಕಳಿಸಿದ. ಇದರ ನಡುವೆ ಎಲ್ಲೋ ಒಂದು ಸಾಲು ಬಂದು ಹೋಗಿತ್ತು: ಇವತ್ತು ತ್ರೀ ಫೇಸ್ ರಾತ್ರಿ ಎರಡಕ್ಕೆ. ನಾನು ಬುಖಾರೆಸ್ಟ್ ಮತ್ತು ಬುಡಾಪೆಸ್ಟ್ ನಡುವೆ ಎಲ್ಲೋ ನಿದ್ದೆ ಹೋಗಿದ್ದೆ. ಬೆಳಿಗ್ಗೆ ಹೋಗಿ ಸ್ಟಾರ್ಟರ್ ಒತ್ತಿದರೆ ಮೋಟರ್ ಮಾತಾಡಲಿಲ್ಲ. ಮಾರ್ಚಿನ ಬಿಸಿಲಿಗೆ ಕುಳೆ ಕಬ್ಬಿನ ಎಲೆ ಸುರುಳಿ ಸುತ್ತಿತ್ತು. ಪಕ್ಕದಲ್ಲಿ ಕಾಕಾರ ಕಬ್ಬು ಸಾಲು ತುಂಬ ನೀರು ಕುಡಿದು ತಣ್ಣಗೆ ನಿಂತಿತ್ತು. ಯುದ್ಧ ಮಾಡುತ್ತ ಎದ್ದೇ ಇದ್ದರಲ್ಲ!

ಕಾಕಾರ ಬೇರೆ ಗುಣಗಳನ್ನು ಹೇಳುತ್ತ ಹೋದರೆ ಜಾಗ ಸಾಲದು. ಎಲ್ಲ ಸುದ್ದಿಯೂ "ಟಿವಿಯವರು ತೋರ್ಸೂದಿಲ್ಲ" ಎಂದೇ ಸುರುವಾಗುತ್ತದೆ, ಮತ್ತು ಟಿವಿಯಲ್ಲೇ ಬಂದಿರುತ್ತದೆ. ಸೂರ್ಯಕಾಂತಿ ಎಣ್ಣೆ ತುಟ್ಟಿಯಾದಾಗ ಮಿರ್ಚಿ ಭಜಿ ನಿಂತದ್ದಕ್ಕೆ ಅಮೆರಿಕವನ್ನು ಬೈದರು. ಕಾಕಿ ಬೈದದ್ದು ಕಾಕಾರನ್ನು.

ಆದರೂ ಒಂದು ದಿನ ಅವರು ಏನೂ ಕಳಿಸಲಿಲ್ಲ. 2022ರ ಮಾರ್ಚ್ 1. ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಗ್ಯಾನಗೌಡರ, ಖಾರ್ಕಿವ್‌ನಲ್ಲಿ ಡಾಕ್ಟರಿಕೆ ಓದುತ್ತಿದ್ದ ಹುಡುಗ, ತಿನ್ನಲಿಕ್ಕೆ ಏನಾದರೂ ತರಲು ಹೊರಗೆ ಹೋದವನು ಶೆಲ್ ದಾಳಿಗೆ ಸತ್ತ. ಗುಂಪಿನಲ್ಲಿ ಮೊದಲು ಕೈಮುಗಿಯುವ ಚಿತ್ರಗಳು ಬಂದವು. ಸಂಜೆಯೊಳಗೆ ಶೆಲ್ ಯಾರದು ಎಂಬ ಜಗಳ ಹತ್ತಿತು. ಕಾಕಾ ನಮ್ಮ ಕಟ್ಟೆಗೆ ಬಂದು ಕೂತರು. ಪಿಯುಸಿಯಲ್ಲಿ 97 ಪರ್ಸೆಂಟ್ ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಅಂತ ಆ ಹುಡುಗನ ತಂದೆ ಹೇಳಿದ್ದನ್ನು ಕೇಳಿ ಬಂದಿದ್ದರು.

ಅಂಗಿ ಕಿಸೆಯಿಂದ ಸೊಸೈಟಿ ಪಾಸ್‌ಬುಕ್ ತೆಗೆದರು. ಅದರೊಳಗೆ ನಾಲ್ಕು ಮಡಿಕೆಯ ಒಂದು ಹಾಳೆ. ಉಕ್ರೇನಿನ ಮೆಡಿಕಲ್ ಕಾಲೇಜುಗಳ ಫೀ, ಡಾಲರಿನಲ್ಲಿ. ಪಕ್ಕದಲ್ಲಿ ಪೆನ್ನಿನಿಂದ ರೂಪಾಯಿ. ಅದರ ಕೆಳಗೆ ಟನ್ನಿಗೆ 2,900ರಂತೆ, ಕಟಾವು–ಸಾಗಾಣಿಕೆ ಕಳೆದು, ವರ್ಷಕ್ಕೆ ಎಷ್ಟು ಟನ್ ಕಬ್ಬು ಎಂದು ಲೆಕ್ಕ. ಖಾರ್ಕಿವ್ ಹೆಸರಿನ ಸುತ್ತ ಒಂದು ಗುಂಡು ಗೆರೆ. ಮೊಮ್ಮಗಳು ಆಗ ಪಿಯುಸಿ ವಿಜ್ಞಾನದಲ್ಲಿದ್ದಳು. ಉಕ್ರೇನಿನ ನಕಾಶೆ, ಅಲ್ಲಿಯ ಓಣಿಗಳು ಕಾಕಾರಿಗೆ ಯಾಕೆ ಬಾಯಿಪಾಠ ಎಂದು ಅವತ್ತು ತಿಳಿಯಿತು. "ನಮ್ಮಕಿಗೂ ತೊಂಬತ್ತರ ಮ್ಯಾಲೇ ಬೀಳ್ತಾವ ಅಂತಾರ ಸಾಲ್ಯಾಗ" ಅಂದರು. ಹಾಳೆ ಮಡಚಿ ಮತ್ತೆ ಪಾಸ್‌ಬುಕ್ಕಿನಲ್ಲೇ ಇಟ್ಟುಕೊಂಡರು. ಆ ಹುಡುಗನ ದೇಹ ಮಾರ್ಚ್ 21ಕ್ಕೆ ಬೆಂಗಳೂರಿಗೆ ಬಂತು. ಮನೆಯವರು ಅದನ್ನು ದಾವಣಗೆರೆಯ ಎಸ್.ಎಸ್. ಮೆಡಿಕಲ್ ಕಾಲೇಜಿಗೆ ದಾನ ಮಾಡಿದರು. ಆ ಸುದ್ದಿಯನ್ನು ಕಾಕಾ ಯಾರಿಗೂ ಫಾರ್ವರ್ಡ್ ಮಾಡಲಿಲ್ಲ.

ಅದಾದ ವಾರಕ್ಕೇ 1954ಕ್ಕೆ ಮರಳಿದರು ಅನ್ನಿ. ಈಚೆಗೆ ಕೀವ್‌ನ ದೊರೆ ಕ್ರೈಸ್ತನಾದ 988ರವರೆಗೂ ಹೋಗಿದ್ದಾರೆ. ಮಾಸ್ತರರು ಅದಕ್ಕೂ ಹಿಂದಿನ ಇಸ್ವಿ ಹುಡುಕುತ್ತಿದ್ದಾರೆ. ಊರಿನ ಹುಡುಗರು ಬೇಸತ್ತು ಕರೆಂಟಿನ ಸುದ್ದಿಗೆಂದೇ ಬೇರೆ ಗುಂಪು ಮಾಡಿ, ಇಲ್ಲಿ ಯುದ್ಧದ ಮಾತು ಕೂಡದೆಂದು ಮೊದಲೇ ಬರೆದು ಹಾಕಿದರು. ಕಾಕಾರ ಮೊದಲ ಧ್ವನಿ ಸಂದೇಶ ಅರ್ಧ ತಾಸಿನೊಳಗೆ ಬಂತು: "ಆತಪಾ, ಇಲ್ಲಿ ಮಾತಾಡೂದಿಲ್ಲ. ಆದ್ರ ಹಳೇ ಗುಂಪಿನ್ಯಾಗ ಜಗಳಾ ಮೊದಲ ತಗದವರು ಯಾರು, ಅದಷ್ಟ ಹೇಳ್ರಿ."