ಒಂದು ಮಿಲಿಮೀಟರಿನ ಸಂದು

ಅಗ್ಗದ ಪ್ಲಾಸ್ಟಿಕ್ ಮಾಡೆಲ್ ಕಾರ್ ಕಿಟ್ಟಿನಲ್ಲಿ ಬಾಗಿಲ ಪಕ್ಕ ಒಂದು ಮಿಲಿಮೀಟರ್ ಸಂದು ಉಳಿದರೆ ಏನು ಮಹಾ ಎನ್ನಬೇಡಿ. 1:24 ಅಳತೆಯಲ್ಲಿ ಅದು ನಿಜವಾದ ಕಾರಿನ 24 ಮಿಲಿಮೀಟರ್. ಅಂಥ ಕಾರು ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಿಂತರೆ (ಅಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಲ್ಲವೇ) ಮಳೆ ಹೇಳದೆ ಕೇಳದೆ ಒಳಬಂದು ಪಕ್ಕದ ಸೀಟಿನಲ್ಲಿ ಕೂರುತ್ತದೆ. ಹಾಗೆಂದು ಕಿಟ್ ಎಸೆಯಬೇಕಿಲ್ಲ. ಟಿಂಕರಿಂಗ್ ಶೆಡ್ಡಿನವರು ಗುದ್ದಿಸಿಕೊಂಡು ಬಂದ ಕಾರಿಗೆ ಮಾಡುವುದನ್ನೇ ಚಿಕ್ಕದಾಗಿ ಮಾಡಿದರಾಯಿತು: ಅಂಟು ಹಚ್ಚುವ ಮೊದಲೇ ಜೋಡಿಸಿ ನೋಡಿ, ಹೆಚ್ಚಾದದ್ದನ್ನು ಉಜ್ಜಿ, ಕಡಿಮೆಯಾದದ್ದನ್ನು ತುಂಬುವುದು. ಅದಕ್ಕೆ ದುಬಾರಿ ಪುಟ್ಟಿಯೂ ಬೇಡ. ಬಿಡಿಭಾಗ ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಯ ಚೂರುಗಳನ್ನು ಮಾಡೆಲ್ ಅಂಟಿಸುವ ತೆಳು ದ್ರಾವಕದಲ್ಲಿ ನೆನೆಹಾಕಿದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ; ಪಾಲಿಸ್ಟೈರೀನಿಗೆ ಪಾಲಿಸ್ಟೈರೀನೇ ಬೆಸೆದುಕೊಳ್ಳುತ್ತದೆ. ಒಣಗುವಾಗ ಕುಗ್ಗುವುದರಿಂದ ತುಸು ಉಬ್ಬಾಗಿ ಹಚ್ಚಿ, ಒಂದೆರಡು ದಿನ ಮುಟ್ಟದೆ ಬಿಡಬೇಕು. ಕಾಯುವುದನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕೆ?

ಇಷ್ಟೆಲ್ಲ ಒದ್ದಾಡುವ ಬದಲು ಒಳ್ಳೆಯ ಜಪಾನಿ ಕಿಟ್ ಕೊಳ್ಳಬಾರದೇ ಎಂದು ಕೇಳಬಹುದು. ಕೊಳ್ಳಬಹುದು, ತಮಿಯಾ ಕಿಟ್ಟಿನ ಭಾಗಗಳು ಹೇಳಿದ ಮಾತು ಕೇಳಿ ಕೂರುತ್ತವೆ. ಆದರೆ ಆ ಜಾಣತನವೆಲ್ಲ ತಮಿಯಾದ ಊರಾದ ಶಿಜುವೊಕಾದಲ್ಲೇ ಉಳಿಯಿತು, ನಮ್ಮ ಕೈಗೆ ಬಂದದ್ದು ಕಾರು ಮಾತ್ರ. ಸ್ಯಾಂಡ್‌ಪೇಪರ್, ಬಣ್ಣದ ಖರ್ಚು ಸೇರಿಸಿದರೆ ಅಗ್ಗವೆಲ್ಲಿ ಉಳಿಯಿತು ಎಂಬ ಆಕ್ಷೇಪ ಮಾತ್ರ ನಿಜವೇ. ಯಲಹಂಕದಾಚೆ ಅಗ್ಗದ ಸೈಟು ಕೊಂಡು ಖಾತೆಗೆ ಅಲೆದವರಿಗೆ ಈ ಲೆಕ್ಕ ಹೊಸದೇನಲ್ಲ.