ಅಜ್ಜಿಯ ಕಾಲನಿರ್ಣಯ: ಕೆಲವು ಪುನರ್ವಿಚಾರಗಳು

ನಮ್ಮ ಅಜ್ಜಿ ಬಹಳ ಕಾಲ ಬಾಳಿದರು ಎಂಬಲ್ಲಿ ವಿದ್ವಾಂಸರಿಗೆ ತಕರಾರಿಲ್ಲ. ಎಷ್ಟು ಕಾಲ ಎಂಬಲ್ಲಿಂದ ಜಗಳ. (ವಿದ್ವಾಂಸರೆಂದರೆ ಇಲ್ಲಿ ದೊಡ್ಡಪ್ಪ, ನಮ್ಮಪ್ಪ, ಇಬ್ಬರು ಸೋದರತ್ತೆಯರು ಮತ್ತು ಕರೆಯದೆಯೂ ಬಾಯಿ ಹಾಕುವ ಪ್ರಸ್ತುತ ಲೇಖಕ.) ತಿಥಿಯ ಫ್ಲೆಕ್ಸಿನಲ್ಲಿ ‘ಶತಾಯುಷಿ’ ಎಂದು ಹಾಕಿಸಬಹುದೇ ಎಂಬ ಪ್ರಶ್ನೆಯಿಂದ ಈ ಚರ್ಚೆ ಹುಟ್ಟಿತು. ಮಂಡ್ಯ ಸೀಮೆಯಲ್ಲಿ ಫ್ಲೆಕ್ಸಿಲ್ಲದ ಸಾವು ಸಾವಲ್ಲವಾದ್ದರಿಂದ ಪ್ರಶ್ನೆ ಲಘುವಾದುದಲ್ಲ.

ಮೊದಲು ಲಿಖಿತ ಆಕರಗಳು. ಆಧಾರ್ ಪಾಠದಂತೆ ಅಜ್ಜಿಯ ಜನನ 1-1-1932. ನಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದವರೆಲ್ಲ ಜನವರಿ ಒಂದರಂದೇ ಹುಟ್ಟಿರುವುದು ಖಗೋಳಶಾಸ್ತ್ರಜ್ಞರು ಗಮನಿಸಬೇಕಾದ ಸಂಗತಿ. ಮತದಾರರ ಪಟ್ಟಿಯ ಪಾಠ 1938. ದೊಡ್ಡಪ್ಪನ ಶಾಲಾ ದಾಖಲೆ 1941 ಎನ್ನುತ್ತದೆ. ಎರಡನ್ನೂ ಒಪ್ಪಿದರೆ ಅಜ್ಜಿ ಮೂರನೇ ವಯಸ್ಸಿಗೆ ದೊಡ್ಡಪ್ಪನನ್ನು ಹೆತ್ತಂತಾಯಿತು. ‘ನಮ್ಮವ್ವ ಗಟ್ಟಿಗಿತ್ತಿ, ನಿಜ, ಆದ್ರೂ ಅಷ್ಟಲ್ಲ’ ಎಂಬ ದೊಡ್ಡಪ್ಪನ ಟಿಪ್ಪಣಿಯನ್ನು ಇಲ್ಲಿ ಮಾನ್ಯ ಮಾಡಲಾಗಿದೆ.

ಇನ್ನು ಮೌಖಿಕ ಆಕರ. ‘ರಕ್ತಾಕ್ಷೀಲಿ ಹುಟ್ದೋಳು ಕಣ್ಲಾ ನಾನು, ಅದ್ಕೇ ನಾನು ಕಣ್ ಬುಟ್ರೆ ನಿಮ್ ತಾತ ಎದ್ರುಕೊತಿದ್ದ’ ಎಂಬುದು ಅಜ್ಜಿ ಜೀವನವಿಡೀ ಬದಲಿಸದ ಏಕೈಕ ಹೇಳಿಕೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ 1864, 1924, 1984 ಮೂರೂ ರಕ್ತಾಕ್ಷಿಗಳೇ. 1984ನ್ನು ಕೈಬಿಡಬಹುದು, ಆ ವರ್ಷ ಲೇಖಕನೇ ಅಜ್ಜಿಯ ಸೊಂಟದ ಮೇಲೆ ಕೂತಿದ್ದಕ್ಕೆ ಫೋಟೊ ಇದೆ. 1864ನ್ನು ಸಮರ್ಥಿಸುವವನು ಚಿಕ್ಕತ್ತೆಯ ಮೊಮ್ಮಗ ಒಬ್ಬನೇ. ಅವನಿಗೆ ಎಂಟು ವರ್ಷ. ಉಳಿದದ್ದು 1924. ಆ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿದ್ದರು. ಅವರು ಅಧ್ಯಕ್ಷತೆ ವಹಿಸಿದ್ದು ಅದೊಂದಕ್ಕೇ. ಅಜ್ಜಿಯ ಪರಂಪರೆಯಲ್ಲಿ ಇದರ ಉಲ್ಲೇಖವಿಲ್ಲ. ಅವರು ಹುಟ್ಟಿದ ವರ್ಷ ಮನೆಯ ಎಮ್ಮೆ ಅವಳಿ ಕರು ಹಾಕಿದ್ದರ ಉಲ್ಲೇಖವಿದೆ.

ಪೋಷಕ ಪ್ರಮಾಣವೊಂದುಂಟು. ‘ನಾಲೆಗೆ ಮೊದ್ಲು ನೀರು ಬುಟ್ಟಾಗ ನಾನು ಇಷ್ಟುದ್ದ ಇದ್ದೆ’ ಎಂದು ಅಜ್ಜಿ ಕೈಯಲ್ಲಿ ಎತ್ತರ ತೋರಿಸುತ್ತಿದ್ದರು. ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಗೆ ನೀರು ಹರಿದದ್ದು 1930ರ ದಶಕದ ಆರಂಭದಲ್ಲಿ. 1924ಕ್ಕೆ ಇದು ಹೊಂದುತ್ತದೆ. ಆದರೆ ಕೈಯ ವಿಷಯದಲ್ಲಿ ತೊಡಕಿದೆ. ಅಪ್ಪನ ಬಾಲ್ಯದಲ್ಲಿ ಎದೆಮಟ್ಟಕ್ಕಿದ್ದ ಕೈ ನಮ್ಮ ಕಾಲಕ್ಕೆ ಸೊಂಟಕ್ಕಿಳಿದು, ಮರಿಮಕ್ಕಳ ಕಾಲಕ್ಕೆ ಮೊಣಕಾಲಿಗೆ ಬಂದಿತ್ತು. ಇನ್ನೊಂದು ತಲೆಮಾರು ಸಿಕ್ಕಿದ್ದರೆ ಅಜ್ಜಿ ನಾಲೆಗಿಂತ ಕಿರಿಯರಾಗುತ್ತಿದ್ದರು.

ಅಜ್ಜಿ ಸಂಚಾರಪ್ರಿಯರಲ್ಲ. ಆದರೂ ಮೈಸೂರು ಜಿಲ್ಲೆಯಲ್ಲಿ ಹುಟ್ಟಿ, 1939ರಿಂದ ಮಂಡ್ಯ ಜಿಲ್ಲೆಯಲ್ಲಿ ಬಾಳಿ, ಮಹಾರಾಜರ ಸಂಸ್ಥಾನದಲ್ಲಿ ಮದುವೆಯಾಗಿ, 1973ರ ನವೆಂಬರಿನಲ್ಲಿ ಕರ್ನಾಟಕಕ್ಕೆ ಬಂದರು. ಇದಿಷ್ಟೂ ಒಂದೇ ಒಲೆಯ ಮುಂದೆ, ಹಿಟ್ಟಿನ ಕೋಲು ಕೈಯಿಂದ ಬಿಡದೆ.

ಪುರಾತತ್ವಕ್ಕೆ ಬರೋಣ. ತಿಥಿಯ ಮಾರನೆಯ ದಿನ ಅಜ್ಜಿಯ ಟ್ರಂಕಿನ ಉತ್ಖನನ ನಡೆಯಿತು. ಶಾಸ್ತ್ರದ ಪ್ರಕಾರ ಮೇಲಿನ ಪದರ ಹೊಸದು, ತಳದ್ದು ಹಳೆಯದು. ಇಲ್ಲಿ ತಳದಲ್ಲಿ ಆಧಾರ್ ಜೆರಾಕ್ಸು, ಅದರ ಮೇಲೆ 2011ರಲ್ಲಿ ಚಲಾವಣೆ ನಿಂತ ನಾಲ್ಕಾಣೆಗಳು, ಎಲ್ಲಕ್ಕೂ ಮೇಲೆ, ಎಲೆಡಿಕೆ ಸಂಚಿಯ ಪಕ್ಕದಲ್ಲಿ, 1940ರ ದಶಕದ ತೂತಿನ ಕಾಸುಗಳು. ಪದರ ತಲೆಕೆಳಗಾಗಲು ಭೂಕಂಪ ಕಾರಣವಲ್ಲ. ದಿನವೂ ಬೇಕಾದ್ದನ್ನು ಮೇಲಿಡುವುದು ಅಜ್ಜಿಯ ರೂಢಿ. ತೂತಿನ ಕಾಸು ದಿನವೂ ಏಕೆ ಬೇಕಿತ್ತು? ದೊಡ್ಡತ್ತೆ ಒದಗಿಸಿದ ಪುರಾವೆಯಂತೆ, ಅದು ಹೆರಿಗೆಯಲ್ಲೇ ಹೋದ ಮಗುವೊಂದರ ಉಡಿದಾರಕ್ಕೆಂದು ಎತ್ತಿಟ್ಟದ್ದು. ಆ ಮಗುವಿನ ಹೆಸರು ಯಾವ ಪಾಠದಲ್ಲೂ ಇಲ್ಲ. ಲೇಖಕ ಇಲ್ಲಿ ಟ್ರಂಕು ಮುಚ್ಚಿದ.

ನಾಲ್ಕಾಣೆಗಳದ್ದು ಬೇರೆಯೇ ಕಥೆ. 1957ರ ಏಪ್ರಿಲಿನಲ್ಲಿ ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂದಾಗ ಒಂದಾಣೆ ಲೆಕ್ಕಕ್ಕೆ ಆರೂಕಾಲು ಪೈಸೆ. ಅಂಗಡಿಯವನು ಕೊಟ್ಟದ್ದು ಆರು. ‘ಕಾಲು ಪೈಸೆ ಎಲ್ಲೋಯ್ತು?’ ಎಂದು ಅಜ್ಜಿ ಕೇಳಿದ ಪ್ರಶ್ನೆಗೆ ಯಾವ ಸರ್ಕಾರವೂ ಉತ್ತರಿಸಿಲ್ಲ. ನಾಲ್ಕಾಣೆ ಮಾತ್ರ ಸರಿಯಾಗಿ ಇಪ್ಪತ್ತೈದು ಪೈಸೆ, ಮೋಸವಿಲ್ಲ. ಅದಕ್ಕೇ ಅಜ್ಜಿ ಅದನ್ನು ನಂಬಿ ಕೂಡಿಟ್ಟರು. ಕೊನೆಗೆ ಅದೂ ಕೈಕೊಟ್ಟಿತು.

ಕಡೆಯದಾಗಿ ಶಾಸನ. 1924ರ ಲೆಕ್ಕದಲ್ಲಿ 2023ರಲ್ಲಿ ತೀರಿಕೊಂಡ ಅಜ್ಜಿಗೆ ನೂರು ತುಂಬಿರಲಿಲ್ಲ. ಪಂಡಿತಸಭೆ ಕೂತು, ಕಾಫಿ ಕುಡಿದು, ‘ಜನನ 1923’ ಎಂದು ಬಹುಮತದಿಂದ ತೀರ್ಮಾನಿಸಿತು. ಫ್ಲೆಕ್ಸಿನಲ್ಲಿದ್ದದ್ದೇ ಸಮಾಧಿಯ ಕಲ್ಲಿಗೂ ಇಳಿಯಿತು. ಗಂಗರ ತಾಮ್ರಪಟಗಳಲ್ಲಿ ಅನೇಕವನ್ನು ಕೂಟಶಾಸನವೆಂದು ತಳ್ಳಿಹಾಕಿದ ಫ್ಲೀಟ್ ಇದನ್ನು ಕಂಡಿದ್ದರೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಅವರೊಡನೆ ವಾದಕ್ಕಿಳಿದ ರೈಸ್ ಬಹುಶಃ ನಮ್ಮ ಮನೆಯ ಕಾಫಿಗೆ ಒಪ್ಪಿಯಾರು. ರಕ್ತಾಕ್ಷಿ ಸಂವತ್ಸರವನ್ನಾದರೂ ಕೆತ್ತಿಸಿ ಎಂದು ಲೇಖಕ ವಿನಂತಿಸಿದ. ಕಲ್ಲು ಕೆತ್ತುವವನ ಕೂಲಿ ಅಕ್ಷರಕ್ಕಿಷ್ಟು ಎಂದಿತ್ತು. ಅದರಲ್ಲೂ ಒತ್ತಕ್ಷರಕ್ಕೆ ಬೇರೆ ದರ. ರಕ್ತಾಕ್ಷಿಯಲ್ಲಿ ಒತ್ತು ಎರಡು. ದೊಡ್ಡಪ್ಪ ಬೇಡವೆಂದರು.