ಕಳ್ಳಕವಟಗಿಯ ಕರ್ನಲ್

ನಮ್ಮೂರಾಗ ಒಬ್ಬ ಕರ್ನಲ್ ಇದ್ದಾನೆ. ಬಂದೂಕು ಮುಟ್ಟಿದವನಲ್ಲ. ಅವನು ಕಂಡ ಗಡಿಯೆಂದರೆ ಜತ್ತದ ಕಡೆಗಿನ ಮಹಾರಾಷ್ಟ್ರದ ಗಡಿ ಒಂದೇ.

ತಪ್ಪು ಅವನ ಅಪ್ಪನದು. ಟಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಮಗಾ ಏನ್ ಮಾಡ್ತಾನ್ರಿ?" ಎಂದು ಕೇಳಿದ್ದಕ್ಕೆ, "ಬೆಂಗಳೂರಾಗ ಕರ್ನಲ್ ಕೆಲಸ" ಅಂದುಬಿಟ್ಟರು. 1963ರಿಂದ ಸೈನಿಕ ಶಾಲೆ ಇಟ್ಟುಕೊಂಡಿರುವ ವಿಜಯಪುರದ ಸೀಮೆಯಲ್ಲಿ ಆ ಶಬ್ದಕ್ಕೆ ಇನ್ನೊಂದು ಅರ್ಥ ಹುಟ್ಟುವುದಾದರೂ ಹೇಗೆ? ಹುಡುಗ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಊರಿಗೆ ಬಂದಿಳಿದಾಗ ನಿವೃತ್ತ ಹವಾಲ್ದಾರರೊಬ್ಬರು ಎದ್ದು ನಿಂತು ಸೆಲ್ಯೂಟ್ ಹೊಡೆದರು. ಓಣಿಯ ಕಾಕಾ ಕಿವಿಯ ಹತ್ತಿರ ಬಂದು, "ತಮ್ಮಾ, ಕ್ಯಾಂಟೀನಿಂದ ಎರಡ ಬಾಟ್ಲಿ ತರಸ್ತಿಯೇನೋ?" ಅಂದರು.

"ಕಾಕಾ, ಕರ್ನಲ್ ಅಂದ್ರ ಕಂಪ್ಯೂಟರಿನ ತಿರುಳು. ಲಿನಕ್ಸ್ ಅಂತ, 1991ರಾಗ ಫಿನ್ಲೆಂಡಿನ ಒಬ್ಬ ಕಾಲೇಜ್ ಹುಡುಗ ಸುರು ಮಾಡಿದ್ದು. ನಿಮ್ಮ ಆಂಡ್ರಾಯ್ಡ್ ಮೊಬೈಲದಾಗೂ ಅದ ಐತಿ."

ಕಾಕಾ ಮೊಬೈಲನ್ನು ಹಿಂದೆ ಮುಂದೆ ತಿರುವಿ ನೋಡಿದರು. "ಹಂಗಾರ ಇದು ಹ್ಯಾಂಗ್ ಆಗೂದು ನಿನ್ನಿಂದನಾ?"

ಅಂದಿನಿಂದ ಅವನ ಮನೆ ಮುಂದೆ ರಿಪೇರಿ ಮೊಬೈಲುಗಳ ಸಾಲು. ಅವನಿರುವುದು ಮಾಳಗಿಯ ಮೇಲೆ, ನೀರಿನ ಟಾಕಿಯ ಮಗ್ಗಲಲ್ಲಿ. ಸಿಗ್ನಲ್ ಸಿಗುವುದು ಅಲ್ಲಿಯೇ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ. ಕ್ಯಾಮೆರಾದಲ್ಲಿ ಕಾಣುವಷ್ಟಕ್ಕೆ ಮಾತ್ರ ಅವನು ಬೆಂಗಳೂರಿನವನು.

ಹೋದ ತಿಂಗಳು ಮೂರು ದಿನ ಊಟಕ್ಕೂ ಕೆಳಗಿಳಿಯಲಿಲ್ಲ. ನಾನೇ ಹತ್ತಿ ಹೋಗಿ ಏನಾಯಿತೆಂದು ಕೇಳಿದೆ. ಕೇಳಬಾರದಿತ್ತು.

"ಸರ್, ಬಿಟ್‌ಮಾಸ್ಕ್ ಓದೂದ್ರಾಗ ಬಗ್ ಐತ್ರಿ," ಎಂದು ಸುರು ಮಾಡಿ, ನನ್ನ ಮುಖ ನೋಡಿ, ನೇರ ದ್ರಾಕ್ಷಿ ಪಡಕ್ಕೆ ಇಳಿದ. ಅವರ ಪಡದ ಹನಿ ನೀರಾವರಿಗೆ ಎಂಟು ವಾಲ್ವ್. ತೆರೆದದ್ದಕ್ಕೆ ಒಂದು, ಮುಚ್ಚಿದ್ದಕ್ಕೆ ಸೊನ್ನೆ. ಎಂಟನ್ನೂ ಸಾಲಾಗಿ ಬರೆದರೆ ಅದೇ ಬಿಟ್‌ಮಾಸ್ಕ್. ಕಂಪ್ಯೂಟರಿನಲ್ಲಿ ವಾಲ್ವಿನ ಬದಲು ಪ್ರೊಸೆಸರುಗಳಿರುತ್ತವೆ. ಯಾವ ಕೆಲಸ ಯಾವ ಪ್ರೊಸೆಸರಿಗೆ ಎಂದು ಹೇಳಲು "1-3,5" ಎಂದು ಚೀಟಿ ಕೊಟ್ಟರೆ ಸಾಕು. ಒಂದರಿಂದ ಮೂರು, ಮತ್ತೆ ಐದು ಎಂದು ಕರ್ನಲ್ ಓದಿಕೊಳ್ಳುತ್ತದೆ.

"ಯಾರಾದ್ರೂ '1,0-' ಅಂತ ಬರದಾರ ಅನ್ರಿ. ಸೊನ್ನಿಯಿಂದ ಎಲ್ಲಿತನಾ? ಬರದಿಲ್ಲ. ತಪ್ಪೈತಿ ಅಂತ ಮೈನಸ್ 22 ಹೇಳಿ ಚೀಟಿ ಹೊಳ್ಳಿ ಕೊಡಬೇಕಿತ್ತು. ಕೊಡಂಗಿಲ್ರಿ!"

ಗುಟ್ಟು ಇಷ್ಟೇ. 'ಎಲ್ಲಿತನಕ' ಎಂಬ ಜಾಗದಲ್ಲಿ ಕರ್ನಲ್ ಮೊದಲೇ ಒಂದು ಸೊನ್ನೆ ಇಟ್ಟುಕೊಂಡು ಕೂತಿರುತ್ತದೆ. "5-" ಎಂದು ಬರೆದರೆ ಐದರಿಂದ ಸೊನ್ನೆತನಕ ಆಗುತ್ತದೆ, ಹಿಂದೆ ಮುಂದಾಯಿತೆಂದು ಸಿಕ್ಕಿಬೀಳುತ್ತದೆ. ಸೊನ್ನೆಯಿಂದಲೇ ಸುರುವಾದರೆ ಮಾತ್ರ ಸೊನ್ನೆಯಿಂದ ಸೊನ್ನೆತನಕ. ಲೆಕ್ಕ ಸರಿಯಾಯಿತೆಂದು ತಲೆಯಾಡಿಸಿ ಮುಂದೆ ಹೋಗುತ್ತದೆ. ನಮ್ಮಲ್ಲಿ ಎಷ್ಟೋ ಆಡಿಟ್ ರಿಪೋರ್ಟುಗಳು ಪಾಸಾಗುವುದೂ ಹೀಗೆಯೇ, ಇರಲಿ.

ಲಿನಕ್ಸ್‌ನವರು 2015ರಲ್ಲೇ ಇದನ್ನು ತಿದ್ದಿದರು. ಗೆರೆಯ ಮುಂದೆ ಅಂಕಿ ಇಲ್ಲದಿದ್ದರೆ ಹೊಳ್ಳಿ ಕಳಿಸು ಎನ್ನುವ ಎರಡು ಸಾಲು. ಇವನ ಕಂಪನಿಯ ಹಳೇ ಪೆಟ್ಟಿಗೆಯೊಳಗೆ ಇನ್ನೂ ಹಳೇ ಕರ್ನಲ್. ಆ ಎರಡು ಸಾಲನ್ನು ಅಲ್ಲಿಗೆ ಹೊಲಿಯಬೇಕು. ಹೊಲಿದದ್ದು ಹತ್ತು ನಿಮಿಷ. ಉಳಿದ ಮೂರು ದಿನ ಅದನ್ನು ಪರೀಕ್ಷಿಸುವುದು, ಕಡಲಾಚೆಯ ಸಾಹೇಬರ ಎದುರು ಸಮರ್ಥಿಸುವುದು. ಕೋಡಿನ ಬಗ್ಗೆ ಆ ಸಾಹೇಬರು ಒಂದು ಮಾತೂ ಆಡಲಿಲ್ಲವಂತೆ. ವಿವರಣೆಯಲ್ಲಿ ಒಂದು ಪೂರ್ಣವಿರಾಮ ಜಾಸ್ತಿ ಆಯಿತೆಂದು ಎರಡು ಸಲ ಹೊಳ್ಳಿ ಕಳಿಸಿದರಂತೆ.

"ಇದಕ್ಕ ಪ್ಯಾಚ್ ಅಂತಾರವ್ವಾ," ಎಂದ, ರೊಟ್ಟಿ ತಂದ ತಾಯಿಗೆ.

"ಪ್ಯಾಚ್ ಅಂದ್ರ ತ್ಯಾಪಿ ಹೌದಲ್ಲೋ? ನಿಮ್ಮ ಆಯಿ ಇಡೀ ಕೌದಿಗೆ ಒಂದ ಮಧ್ಯಾಹ್ನದಾಗ ತ್ಯಾಪಿ ಹಚ್ಚತಿದ್ಳು. ಅದಕ್ಕ ಯಾರೂ ಪಗಾರ ಕೊಡಲಿಲ್ಲ ಬಿಡು."

ಕರ್ನಲ್ ರೊಟ್ಟಿ ಮುರಿದ. ಅಷ್ಟರಲ್ಲಿ ಮೀಟಿಂಗಿನ ಗಂಟೆ ಬಡಿಯಿತು, ಕೆಳಗಿನಿಂದ ಅಪ್ಪನ ಕೂಗೂ ಬಂತು: ಇವತ್ತು ಯಾವ್ಯಾವ ವಾಲ್ವ್ ಬಿಡಬೇಕೆಂದು ಆಳಿಗೆ ಬರೆದುಕೊಡಬೇಕಂತೆ. ಒಂದು ಕಿವಿಯಲ್ಲಿ ಸಾಹೇಬ, ಒಂದು ಕೈಯಲ್ಲಿ ರೊಟ್ಟಿ; ಗೀಚಿ ಚೀಟಿಯನ್ನು ಕೆಳಗೆ ಎಸೆದ.

ಎರಡು ನಿಮಿಷಕ್ಕೆ ಆಳು ಏಣಿ ಹತ್ತಿ ಬಂದ.

"ಸಾವ್ಕಾರ್ರ, ಎರಡ ನಂಬರ್ ತಿಳೀತ್ರಿ. ಈ ಸೊನ್ನಿ ನಂಬರಿನ ವಾಲ್ವ್ ಎಲ್ಲೈತ್ರಿ? ಪೈಪಿನ ಮ್ಯಾಲ ಒಂದರಿಂದ ಬರದೈತಿ. ಮತ್ತ ಗೆರಿ ಎಳದೀರಿ, ಗೆರಿ ಮುಂದ ಏನೂ ಇಲ್ಲಲ್ರಿ?"

ಚೀಟಿಯಲ್ಲಿ "2,0-" ಎಂದಿತ್ತು.

ಕರ್ನಲ್ ಕಿವಿಯಿಂದ ತಂತಿ ಕಿತ್ತು ಅವನನ್ನೇ ನೋಡಿದ. "ನಿನಗಿದು ಯಾರ ಹೇಳಿಕೊಟ್ರೋ?"

"ಹೇಳಿಕೊಡೂದೇನೈತ್ರಿ? ಲಗೂ ಹೇಳ್ರಿ, ತ್ರೀ ಫೇಸ್ ಹೊಕ್ಕೈತಿ."